ಕಣ್ಣು ತೆರೆದಿರುವ ಫೋಟೋ

ಸಂಗಣ್ಣನ ತಲೆ ಮತ್ತೆ ಎಡಕ್ಕೆ ವಾಲಿತು. ಕುರ್ಚಿಯಲ್ಲಿ ಕೂರಿಸಿದ ಹೆಣಕ್ಕೆ ರುಮಾಲು ಸುತ್ತುತ್ತಿದ್ದ ವೀರೇಶ್, ಭಾವನ ಗದ್ದವನ್ನು ತನ್ನ ಭುಜದಿಂದ ತಡೆದು ನಿಲ್ಲಿಸಿ, ಜೇಬಿನಲ್ಲಿ ಬಡಕೊಳ್ಳುತ್ತಿದ್ದ ಫೋನ್ ತೆಗೆದ. ಬೆಳಗಿನಿಂದ ಗುರುತಿನವರಿಗೆಲ್ಲ ಅವನದು ಒಂದೇ ಪ್ರಶ್ನೆ. ಸಂಗಣ್ಣನ ಫೋಟೋ ಏನಾದರೂ ಇದೆಯಾ? ಈ ಸಲವೂ ಇಲ್ಲ ಎಂದೇ ಉತ್ತರ ಬಂತು.

ಹೊಸಿಲ ಬಳಿ ಕೂತಿದ್ದ ಅಕ್ಕನ ಕಡೆ ತಿರುಗಿ, ಹೆದರುತ್ತಲೇ ಕೇಳಿದ. "ಅಕ್ಕಾ, ಹಿಂಗ ಕುಂದರಿಸೇವಲ್ಲ, ಇದನ್ನ ಒಂದು ತೆಗದುಬಿಡ್ಲೇನು? ವಿಭೂತಿ ಹಚ್ಚೇವಿ, ರುಮಾಲ ಐತಿ. ಚಲೋ ಕಾಣ್ತಾರ."

"ಕಣ್ಣು ಮುಚ್ಚಿದ್ದು ಬ್ಯಾಡೋ," ಎಂದಳು ಮಹಾನಂದಾ. "ನಾಳೆಯಿಂದ ದಿನಾ ಅದರ ಮುಂದ ಕೂಡಾಕಿ ನಾನು. ಕಣ್ಣು ತೆರೆದಿದ್ದು ಒಂದರೆ ಬೇಕು ನನಗ."

ಬೀದಿಯಲ್ಲಿ ಹೆಣವನ್ನು ಕೂರಿಸಿ ಒಯ್ಯುವ ಹೂವಿನ ವಿಮಾನ ಕಟ್ಟಿ ಮುಗಿದಿತ್ತು. ಅದರ ಮುಂದೆ ಹಿಡಿದು ನಡೆಯಲು ಫೋಟೋ ಬೇಕು. ಮನೆ ಮಾಲೀಕ ಚಿಕ್ಕಬೈರಪ್ಪನಿಗೆ ಕಾಲು ನಿಲ್ಲದು. ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ಅವನ ಅಪ್ಪ ರಾಗಿ ಬೆಳೆದ ಹೊಲದಲ್ಲೇ ಈ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಸಂಗಣ್ಣನಿಗೆ ಮಣ್ಣಾಗಲು ಜಾಗ ಹುಡುಕಿದವನೂ ಅವನೇ. ಒಳಗೆ ಬರುತ್ತಾನೆ, ವಾಚು ನೋಡುತ್ತಾನೆ, ಹೊರಗೆ ಹೋಗುತ್ತಾನೆ. ಹೊತ್ತು ಮುಳುಗುವ ಮುಂಚೆ ಕೆಲಸ ಮುಗಿಯಬೇಕು, ರಿಂಗ್ ರೋಡು ದಾಟಬೇಕು, ಆಫೀಸು ಬಿಟ್ಟರೆ ಹೆಣಕ್ಕೂ ದಾರಿ ಸಿಗೋಲ್ಲ ಕಣಮ್ಮ ಎಂದು ಇಷ್ಟರಲ್ಲಿ ಹತ್ತು ಸಲ ಹೇಳಿದ್ದ. ಹೇಳಿದ್ದು ಸುಳ್ಳೇನೂ ಅಲ್ಲ.

*

ಹಣೆಬರಹ ಅಂದರೆ ನೋಡಿ ಇದು. ಮಿಠಾಯಿ ಅಂಗಡಿಯವನ ಮನೆಯಲ್ಲಿ ಸಕ್ಕರೆ ಇಲ್ಲದ ಹಾಗೆ, ಹಗಲೂ ರಾತ್ರಿ ಫೋನುಗಳ ನಡುವೆ ಬದುಕಿದವನದು ಒಂದು ಫೋಟೋ ಇಲ್ಲ.

ಸಂಗಣ್ಣನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಹೊರದೇಶದವರು ಬಳಸಿ ಬಿಟ್ಟ ಫೋನುಗಳು ಮುಂಬೈ ದಾಟಿ ಡಬ್ಬಗಳಲ್ಲಿ ಅವನ ಕೈಗೆ ಬರುತ್ತಿದ್ದವು. ಹೊಸ ಫೋನಿನ ಬೆಲೆ ವರ್ಷಾವರ್ಷ ಏರಿ, ಕಟ್ಟಡ ಕೆಲಸದವರೂ ಕಾರ್ಖಾನೆಯವರೂ ಷೋರೂಮಿನ ಗಾಜಿನ ಬಾಗಿಲನ್ನು ಹೊರಗಿನಿಂದಲೇ ನೋಡುವ ಹಾಗಾಗಿತ್ತು. ಅವರೆಲ್ಲ ಬರುತ್ತಿದ್ದುದು ಸಂಗಣ್ಣನ ಹತ್ತಿರ. ಬ್ಯಾಟರಿ ಬದಲಿಸಿದ್ದರೆ ಬದಲಿಸಿದ್ದೇನೆ ಎನ್ನುತ್ತಿದ್ದ, ಗಾಜು ಡೂಪ್ಲಿಕೇಟ್ ಆದರೆ ಡೂಪ್ಲಿಕೇಟ್ ಎನ್ನುತ್ತಿದ್ದ. ಹೀಗೆ ಹೇಳಿದರೆ ವ್ಯಾಪಾರ ಆದ ಹಾಗೇ ಎಂದು ವೀರೇಶ್ ತಲೆ ಚಚ್ಚಿಕೊಳ್ಳುತ್ತಿದ್ದ.

ಮಾರುವ ಮುಂಚೆ ಪ್ರತಿ ಫೋನಿನ ಪರೀಕ್ಷೆ ಆಗಲೇಬೇಕು. ಮುಂದಿನ ಕ್ಯಾಮೆರಾಕ್ಕೆ ತನ್ನದೇ ಮುಖ ಒಡ್ಡಿ ಒಂದು ಫೋಟೋ. ಆಮೇಲೆ ರೆಕಾರ್ಡರ್ ಒತ್ತಿ, ಮೈಕ್ ಎಷ್ಟು ದೂರದ ಸದ್ದು ಹಿಡಿಯುತ್ತದೆಂದು ನೋಡಲು, ಪರದೆಯ ಆಚೆ ರೊಟ್ಟಿ ಬಡಿಯುವ ಹೆಂಡತಿಗೆ ಕೂಗುತ್ತಿದ್ದ. "ಹಲೋ, ಮಹಾನಂದಾ, ಕೇಳಸ್ತೈತೇನು?" ಅವಳು ಒಳಗಿನಿಂದ "ಕೇಳಸ್ತೈತ್ರಿ" ಅನ್ನಬೇಕು. ದಿನಕ್ಕೆ ಎಷ್ಟು ಸಲವೋ ಶಿವನೇ ಬಲ್ಲ. ಊರೆಲ್ಲ ಗಂಡಂದಿರು ಹೆಂಡತಿ ಮಾತು ಕೇಳಲ್ಲ ಅಂತ ಅಳತಾರ, ನನ್ನ ಗಂಡಗ ನನಗ ಕಿವಿ ಐತೋ ಇಲ್ಲೋ ಅನ್ನೋದ ಚಿಂತಿ ಎಂದು ನೆರೆಯವರ ಮುಂದೆ ನಗುತ್ತಿದ್ದಳು.

ಆಮೇಲೆ ಕೊಳ್ಳುವವರ ಕಣ್ಣೆದುರೇ ಎಲ್ಲವನ್ನೂ ಅಳಿಸಿ ಕೊಡುವುದು. ಒಮ್ಮೆ ಯಾವುದೋ ದೇಶದ ಫೋನಿನಲ್ಲಿ ಒಂದು ಕೂಸು ಅಂಬೆಗಾಲಿಡುವ ವಿಡಿಯೋ ಉಳಿದುಬಿಟ್ಟಿತ್ತು. ಯಾರದೋ ಮನೆಯೊಳಗೆ ಹೇಳದೆ ಕೇಳದೆ ಕಾಲಿಟ್ಟಂತಾಗಿ ಸಂಗಣ್ಣ ಅಂದು ಸರಿಯಾಗಿ ಊಟ ಮಾಡಲಿಲ್ಲ. ಅಂದಿನಿಂದ ಆ ನೇಮ. ತನಗೆಂದು ಫೋನನ್ನೂ ಇಟ್ಟುಕೊಳ್ಳಲಿಲ್ಲ. ಗಿರಾಕಿ ಒಪ್ಪಿದರೆ ಕೈಯಲ್ಲಿದ್ದುದನ್ನೇ ಅಳಿಸಿ ಮಾರುತ್ತಿದ್ದ. ಹೆಂಡತಿಯ ಫೋನನ್ನೂ ಬಿಡುತ್ತಿರಲಿಲ್ಲ, ಮಹಾರಾಯ. ಹೀಗೆ ಸಾವಿರಾರು ಫೋನು ಅವನ ಮುಖ ನೋಡಿದವು, ಒಂದೂ ಇಟ್ಟುಕೊಳ್ಳಲಿಲ್ಲ. ಮದುವೆಯ ಫೋಟೋ ಊರಿನ ಮನೆಯಲ್ಲಿ ಮಳೆನೀರಿಗೆ ಸಿಕ್ಕಿ ಎಂದೋ ಅಳಿಸಿಹೋಗಿತ್ತು. ವೀರೇಶ್ ತೆಗೆದ ಒಂದೆರಡು ಫೋಟೋದಲ್ಲಿ ಕೆಲಸಕ್ಕೆ ಬಗ್ಗಿದವನ ನೆತ್ತಿಯಷ್ಟೇ ಇತ್ತು. ಆಧಾರ್ ಕಾರ್ಡಿನ ಫೋಟೋ ನೋಡಿದರೆ ಹೆತ್ತವ್ವನಿಗೂ ಗುರುತು ಸಿಗುವಂತಿರಲಿಲ್ಲ.

*

"ಇನ್ನು ಎತ್ತೋಣ ಕಣಮ್ಮ," ಎಂದ ಚಿಕ್ಕಬೈರಪ್ಪ. ಈ ಸಲ ದನಿ ತಗ್ಗಿತ್ತು.

ಇವತ್ತು ಹೋದರೆ ಆ ಮುಖ ಮತ್ತೆ ಸಿಗುವುದಿಲ್ಲ, ನಾಲ್ಕು ತಿಂಗಳಿಗೆ ತನಗೂ ಮರೆತು ಹೋದರೆ ಏನು ಗತಿ ಎಂದು ಮಹಾನಂದಾ ಗಂಡನ ಹಣೆ, ಹುಬ್ಬು, ಗದ್ದವನ್ನು ಒಂದೊಂದಾಗಿ ನೋಡಿದಳು. ಹೂಂ ಎನ್ನುವಂತೆ ತಲೆ ಆಡಿಸಿದಳು. ಅಷ್ಟರಲ್ಲಿ ಜನರ ನಡುವೆ ದಾರಿ ಮಾಡಿಕೊಂಡು, ಮೈಯೆಲ್ಲ ಸಿಮೆಂಟಿನ ಧೂಳು ಮೆತ್ತಿದ ಹೆಂಗಸೊಬ್ಬಳು ಒಳಗೆ ಬಂದಳು. ಕುರ್ಚಿಯಲ್ಲಿ ಕೂತವನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

ಯಾದಗಿರಿ ಕಡೆಯ ಹೊಳೆವ್ವ. ನಾಲ್ಕು ಬೀದಿ ಆಚೆ ಏಳುತ್ತಿದ್ದ ಕಟ್ಟಡದಲ್ಲಿ ಕಲ್ಲು ಹೊರುವವಳು. ಸೊಂಟದಿಂದ ಪ್ಲಾಸ್ಟಿಕ್ ಚೀಲ ಬಿಚ್ಚಿ ಒಂದು ಫೋನ್ ಹೊರತೆಗೆದಳು.

"ನಿನ್ನಿ ಸಂಜಿಗಿ ಇಲ್ಲೇ ತಗೊಂಡೀನ್ರಿ. ಇದರಾಗ ಈ ಅಣ್ಣನ ಮಾರಿ ಅದ. ತಪ್ಪಿ ತನ್ನ ಫೋನೇ ಕೊಟ್ಟಾನೇನೋ ಅಂತ ವಾಪಸ್ ಕೊಡಾಕ ಬಂದೀನಿ. ನಾ ಕದ್ದಿಲ್ರಿ ಯವ್ವಾ."

ವೀರೇಶ್ ಫೋನನ್ನು ಹೆಚ್ಚುಕಡಿಮೆ ಕಿತ್ತುಕೊಂಡ. ಪರದೆಯ ತುಂಬ ಸಂಗಣ್ಣ. ಹುಬ್ಬು ಎತ್ತಿ, ಎರಡೂ ಕಣ್ಣು ಅಗಲ ತೆರೆದು, ಕ್ಯಾಮೆರಾ ಸರಿ ಇದೆಯೋ ಇಲ್ಲವೋ ಎಂದು ನೇರ ನೋಡುತ್ತಿದ್ದಾನೆ. ಮಹಾನಂದಾ ಸೆರಗಿನಿಂದ ಗಾಜು ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ಅಲ್ಲಿಯವರೆಗೆ ಬಾರದಿದ್ದ ಅಳು ಒಂದೇ ಸಲ ಬಂತು.

*

ನಿನ್ನೆ ಸಂಜೆ ಆದದ್ದು ಇಷ್ಟೇ. ಸಂಗಣ್ಣ ಹೊಳೆವ್ವನ ಫೋನಿನ ಪರೀಕ್ಷೆ ಮುಗಿಸಿ ಅಳಿಸಲು ಕೂರುವಷ್ಟರಲ್ಲಿ ಬೀದಿಯಲ್ಲಿ ಮೇಸ್ತ್ರಿಯ ಟೆಂಪೋ ಹಾರ್ನ್ ಬಾರಿಸಿತು. ಅದು ತಪ್ಪಿದರೆ ಷೆಡ್ಡಿಗೆ ನಡೆದೇ ಹೋಗಬೇಕು. ಅವಳು ಹಾಗೇ ಕಸಿದುಕೊಂಡು ಓಡಿದಳು. ತಡಿಯವ್ವಾ, ಒಂದು ಕೆಲಸ ಉಳದೈತಿ ಎಂದು ಅವನು ಮೆಟ್ಟಿಲ ತನಕ ಹೋದ. ರಾತ್ರಿ ಉಣ್ಣುವಾಗಲೂ ಅದನ್ನೇ ಅಂದ, ನಾಳೆ ಕರೆಸಿ ಅಳಿಸಬೇಕು ಎಂದು. ದಿನದ ಮಾತೇ ಎಂದು ಮಹಾನಂದಾ ಕಿವಿಗೆ ಹಾಕಿಕೊಂಡಿರಲಿಲ್ಲ. ಬೆಳಕು ಹರಿಯುವ ಮುಂಚೆ ಎದೆ ಹಿಡಿದುಕೊಂಡು ಎದ್ದು ಕೂತವನು ಮತ್ತೆ ಮಲಗಲಿಲ್ಲ, ಕೂತಲ್ಲೇ ಹೋದ.

*

ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಫೋಟೋ ದೊಡ್ಡದಾಗಿ ಅಚ್ಚಾಗಿ ಬಂತು. ಅದಕ್ಕೆ ಮೊದಲ ಹಾರ ಹಾಕಿದವನು ಚಿಕ್ಕಬೈರಪ್ಪ. ಇನ್ನು ಫೋನು ಹೊಳೆವ್ವನದು. ಭಾವನ ನೇಮದಂತೆ ಎಲ್ಲ ಅಳಿಸಿ ಕೊಡಲೇ ಎಂದು ವೀರೇಶ್ ಕೇಳಿದ.

"ಇರ್ಲಿ ಬಿಡ್ರಿ," ಎಂದಳು ಹೊಳೆವ್ವ. "ಅಣ್ಣ ಎಷ್ಟು ಜಾಗ ತಿಂತಾನ?"

ಆಗ ವೀರೇಶನಿಗೆ ರೆಕಾರ್ಡರ್ ನೆನಪಾಯಿತು. ಒತ್ತಿದ. ಮೊದಲು ರೊಟ್ಟಿ ಬಡಿಯುವ ಸದ್ದು. ಆಮೇಲೆ ಆ ದನಿ.

"ಹಲೋ, ಮಹಾನಂದಾ, ಕೇಳಸ್ತೈತೇನು?"

ಉತ್ತರವಿಲ್ಲ. ರೊಟ್ಟಿಯ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ, ತನಗೇ ಹೇಳಿಕೊಂಡ ಹಾಗೆ, "ಆತು, ಚಲೋ ಐತಿ." ಅಲ್ಲಿಗೆ ಮುಗಿಯಿತು.

ಮಹಾನಂದಾಳಿಗೆ ನಿನ್ನೆ ಕೇಳಿಸಿತ್ತು. ಕೈ ತುಂಬ ಹಿಟ್ಟು, ಮೈ ತುಂಬ ದಣಿವು, ಇವರದು ದಿನಾ ಇದ್ದದ್ದೇ ಎಂದು ಸುಮ್ಮನಿದ್ದಳು.

ಹೊರಗೆ ಭಜನೆಯವರು ತಾಳ ಎತ್ತಿದರು. ನಾಲ್ವರು ಕುರ್ಚಿಗೆ ಕೈ ಹಾಕಿದರು. ಮಹಾನಂದಾ ಅವರನ್ನು ತಡೆದು, ಗಂಡನ ಪಕ್ಕಕ್ಕೆ ಹೋಗಿ ನಿಂತಳು.

"ಇನ್ನೊಮ್ಮೆ ಹಚ್ಚೋ."

ವೀರೇಶ್ ಹಚ್ಚಿದ. ರೊಟ್ಟಿಯ ಸದ್ದು ಬಂತು. ತಾಳ ನಿಂತಿತು.

"ಹಲೋ, ಮಹಾನಂದಾ, ಕೇಳಸ್ತೈತೇನು?"

"ಕೇಳಸ್ತೈತ್ರಿ," ಎಂದಳು ಅವಳು, ಅಡುಗೆಮನೆಯಿಂದ ಕೂಗುವಷ್ಟೇ ಗಟ್ಟಿಯಾಗಿ.

"ಆತು," ಎಂದಿತು ಹೊಳೆವ್ವನ ಫೋನು, "ಚಲೋ ಐತಿ."