ಬೇಳೆ ಕಟ್ಟು ಹೋಗುವ ಮನೆ

ಗೋಪಾಲನನ್ನು ಬೈದದ್ದು ತಪ್ಪೆಂದು ಚಂಪಾಗೆ ಆಮೇಲೆ ಗೊತ್ತಾಯಿತು. ಬೈಯುವಾಗ ಮಾತ್ರ ಅವಳು ಏನೂ ಕಡಿಮೆ ಮಾಡಿರಲಿಲ್ಲ.

ಕರೋಲ್ ಬಾಗ್‌ನಲ್ಲಿ ಅವರ ಹೋಟೆಲು ಶುರುವಾಗಿ ಇಪ್ಪತ್ತಾರು ವರ್ಷ. ಹೆಸರಿಗೆ ಧಣಿ ಗಂಡ ಜಯಾನಂದ. ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ನಗೆ ಹಂಚುವುದು ಅವನ ಕೆಲಸ, ಅಡುಗೆಮನೆ ಚಂಪಾಳದು. ಕುಂದಾಪುರದಿಂದ ದಿಲ್ಲಿಗೆ ಬಂದ ಹೊಸದರಲ್ಲಿ ಇಲ್ಲಿಯ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯದೆ, ಬೆಂದರೂ ಕಟ್ಟು ಬಿಡದೆ ಅವಳು ಕೂತು ಅತ್ತದ್ದುಂಟು. ಬೆಂದ ಬೇಳೆಯನ್ನು ಕಲಕದೆ ಮೇಲಿನ ತಿಳಿಯನ್ನು ಬಸಿದುಕೊಂಡರೆ ಅದು ಕಟ್ಟು. ಸಾರಿನ ಜೀವ ಇರುವುದೇ ಅದರಲ್ಲಿ. ಹುಣಸೆಹುಳಿ, ಪುಡಿ, ಒಗ್ಗರಣೆ ಎಲ್ಲ ಆಮೇಲಿನ ಮಾತು. ಫಿಲ್ಟರ್ ನೀರು ತರಿಸಿ, ಬೇಳೆಯನ್ನು ಬಿಸಿನೀರಲ್ಲಿ ನೆನೆಹಾಕಿ, ಉಪ್ಪು ಸೋಕಿಸದೆ ಬೇಯಿಸಿ ನೋಡಿ, ವರ್ಷಗಟ್ಟಲೆ ಒದ್ದಾಡಿ ಅವಳು ಹದ ಹಿಡಿದಿದ್ದಳು. ಊರ ಕಡೆಯವರು ಆ ಸಾರಿಗಾಗಿಯೇ ಗುರುಗ್ರಾಮದಿಂದ ಮೆಟ್ರೊ ಹತ್ತಿ ಬರುತ್ತಿದ್ದರು.

ಬೆಳಿಗ್ಗೆ ಹನ್ನೊಂದಕ್ಕೆ ಗೋಪಾಲ ಕಟ್ಟು ಬಸಿಯುತ್ತಿದ್ದ. ಮನೆಯ ಕೆಲಸ, ಪೂಜೆ ಮುಗಿಸಿ ಚಂಪಾ ಹೋಟೆಲಿಗೆ ಬರುವಾಗ ಹನ್ನೆರಡು. ಆ ಹೊತ್ತಿಗೆ ಗಲ್ಲಾ ಖಾಲಿಯಿದ್ದರೆ, ಧಣಿ ಬ್ಯಾಂಕಿಗೆ ಹೋಗಿದ್ದಾರೆ ಎನ್ನುತ್ತಿದ್ದರು ಹುಡುಗರು. ಬಂದವಳು ಮೊದಲು ಸಾರಿನ ರುಚಿ ನೋಡುವುದು ವಾಡಿಕೆ. ಈಗೊಂದು ತಿಂಗಳಿಂದ ಸಾರು ತೀರಾ ತೆಳ್ಳಗಾಗಿತ್ತು.

“ಹದಿನೆಂಟು ವರ್ಷ ಕೈ ಹಿಡಿದು ಕಲಿಸಿದ್ದೀನಿ ನಿಂಗೆ. ಇದು ಸಾರಾ ಗೋಪಾಲ, ಪಾತ್ರೆ ತೊಳೆದ ನೀರಾ? ಕಟ್ಟು ಎಲ್ಲಿಗೆ ಮಾರ್ತಿದ್ದೀಯ?”

ಒಂದು ವಾರ ಗೋಪಾಲ ತಲೆ ತಗ್ಗಿಸಿ ಕೇಳಿಸಿಕೊಂಡ. ಎಂಟನೆಯ ದಿನ ಅವನಿಗೂ ಸಾಕಾಯಿತು. ಟವಲಿಗೆ ಕೈ ಒರೆಸಿಕೊಂಡು, “ಚಂಪಕ್ಕ, ನನ್ನ ಬೈಬೇಡಿ. ದಿನಾ ಎರಡು ಲೀಟರ್ ಕಟ್ಟು ಧಣಿಗಳ ಕ್ಯಾನಿಗೆ ಹೋಗ್ತದೆ. ನಿಮ್ಗೆ ಹೇಳ್ಬಾರ್ದು ಅಂದಿದ್ದಾರೆ. ಉಳಿದದ್ದಕ್ಕೆ ನೀರು ಹಾಕಿ ನಾನು ಸುಧಾರಿಸ್ತೇನೆ,” ಎಂದ.

“ಸಾರು ತಗೊಂಡು ಹೋಗ್ತಾರಾ, ಕಟ್ಟಾ?”

“ಕಟ್ಟೇ. ಉಪ್ಪು ಕೂಡ ಹಾಕಿರುದಿಲ್ಲ.”

ಸಾರು ಹೋಗಿದ್ದರೆ ಚಂಪಾ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹುಷಾರಿಲ್ಲದ ಸ್ನೇಹಿತನಿಗೆ, ಬ್ಯಾಂಕಿನ ಮ್ಯಾನೇಜರಿಗೆ ಯಾರಾದರೂ ಸಾರು ಒಯ್ಯುತ್ತಾರೆ. ಬರೀ ಕಟ್ಟು ಯಾರಿಗೆ ಬೇಕು? ದಿಲ್ಲಿಯವರಿಗೆ ಅದು ಚೆಲ್ಲುವ ನೀರು. ಒಬ್ಬಂಟಿ ಗಂಡಸಿಗೂ ಅದರಿಂದ ಉಪಯೋಗವಿಲ್ಲ. ಕಟ್ಟು ಹೋಗುವ ಕಡೆ ಒಂದು ಒಲೆ ಇರಬೇಕು, ಸಾರಿನ ಪುಡಿಯ ಡಬ್ಬ ಇರಬೇಕು, ತನ್ನ ಒಗ್ಗರಣೆಯೇ ಆಗಬೇಕೆನ್ನುವ ನಮ್ಮ ಕಡೆಯ ಹೆಂಗಸೊಬ್ಬಳು ಇರಬೇಕು. ಅಂದರೆ ಇವನಿಗೆ ಇನ್ನೊಂದು ಮನೆ ಇದೆ. ಅರವತ್ತೊಂದು ವರ್ಷದ ಗಂಡಸು, ಎದೆಯಲ್ಲಿ ಸ್ಟೆಂಟು, ನಡೆದರೆ ಮಂಡಿ ನೋವು, ಮೇಲಿಂದ ಈ ಚಟ ಬೇರೆ!

ಮರುದಿನ ಪೂಜೆಗೆ ರಜೆ ಹಾಕಿ ಅವಳು ಹೋಟೆಲಿನ ಎದುರಿನ ಸೂಟ್‌ಕೇಸ್ ಅಂಗಡಿಯ ಮರೆಯಲ್ಲಿ ನಿಂತಳು. ಹನ್ನೊಂದೂಕಾಲಿಗೆ ಜಯಾನಂದ ಸ್ಟೀಲ್ ಕ್ಯಾನು ಹಿಡಿದು ಹೊರಬಿದ್ದ. ಅವನು ಮೆಟ್ರೊದ ನಡುವಿನ ಡಬ್ಬಿ ಹತ್ತಿದರೆ ಇವಳು ಮುಂದಿನ ಹೆಂಗಸರ ಡಬ್ಬಿ ಹತ್ತಿ, ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲಿಂದ ಕತ್ತು ಹೊರಹಾಕಿ ನೋಡಿದಳು.

ಡಬ್ಬಿಯ ಕಂಬ ಹಿಡಿದು ನಿಂತಾಗ ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ದುಃಖ ಉಕ್ಕಿತು. ಈ ಮನುಷ್ಯನಿಗಾಗಿ ಅವಳು ಬಿಟ್ಟದ್ದು ಸಣ್ಣದಲ್ಲ, ಹೆತ್ತ ಮಗಳನ್ನೇ. ಮೂರು ವರ್ಷದ ಹಿಂದೆ ಶ್ರಾವ್ಯಾ ತನ್ನ ಆಫೀಸಿನ ಕಿಶನ್ ಎಂಬ ಮೀರತ್ ಕಡೆಯ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಜಾತಿ ಬೇರೆ, ಭಾಷೆ ಬೇರೆ. ಅಂದು ಜಯಾನಂದ ದೇವರ ಫೋಟೊದ ಮುಂದೆ ನಿಂತು, “ಇನ್ನು ಅವಳು ನಮ್ಮ ಪಾಲಿಗಿಲ್ಲ. ನೀನು ಅವಳ ಹತ್ರ ಒಂದು ಮಾತಾಡಿದ್ದು ಗೊತ್ತಾದ್ರೂ ನನ್ನ ಹೆಣ ನೋಡ್ತೀಯ,” ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದ. ಸ್ಟೆಂಟು ಹಾಕಿ ಆಗಿನ್ನೂ ಎರಡು ತಿಂಗಳು. ಚಂಪಾ ಹೆದರಿದಳು. ಮಗಳು ಹೊಸ ಹೊಸ ನಂಬರಿನಿಂದ ಫೋನು ಮಾಡಿದಾಗಲೆಲ್ಲ, ಆ ಕಡೆಯಿಂದ “ಅಮ್ಮಾ” ಎಂಬುದನ್ನಷ್ಟೇ ಕೇಳಿಸಿಕೊಂಡು ಕಟ್ ಮಾಡುತ್ತಿದ್ದಳು. ಆಮೇಲೆ ಬಚ್ಚಲಿನ ನಲ್ಲಿ ಬಿಟ್ಟು ಅಳುತ್ತಿದ್ದಳು.

ಜಯಾನಂದ ಮಯೂರ್ ವಿಹಾರ್‌ನಲ್ಲಿ ಇಳಿದ. ಲಿಫ್ಟಿಲ್ಲದ ಹಳೇ ಸರ್ಕಾರಿ ಫ್ಲ್ಯಾಟುಗಳ ನಡುವೆ ಹೋಗಿ, ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿ, ಬಲಗಡೆಯ ಮನೆಯ ಬೆಲ್ ಒತ್ತಿದ. ಒಂದು ಮಹಡಿ ಕೆಳಗೆ ನಿಂತಿದ್ದ ಚಂಪಾಗೆ ಬಾಗಿಲು ತೆರೆದ ಸದ್ದು ಕೇಳಿತು, ಯಾರ ಮಾತೂ ಕೇಳಲಿಲ್ಲ. ಅಂದು ಹತ್ತಿ ಹೋಗುವ ಧೈರ್ಯವಾಗದೆ ಅವಳು ಹಿಂದಿರುಗಿದಳು. ರಾತ್ರಿ ಎಂದಿನಂತೆ ಅವನ ತಟ್ಟೆಗೆ ಅನ್ನ ಬಡಿಸಿದಳು.

ಮಾರನೆಯ ದಿನ ಜಯಾನಂದ ಕ್ಯಾನು ಹಿಡಿದು ಬರುವ ಸ್ವಲ್ಪ ಮೊದಲೇ ಅವಳು ಆ ಬಾಗಿಲ ಮುಂದಿದ್ದಳು. ಆ ಹೆಂಗಸಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಬೆಲ್ ಒತ್ತಿದಳು.

ಬಾಗಿಲು ತೆರೆದವಳು ಶ್ರಾವ್ಯಾ. ಏಳು ತಿಂಗಳ ಬಸುರಿ.

ಚಂಪಾಗೆ ಮೊದಲು ಆದದ್ದು ಸಂತೋಷ. ಕಲಿತ ಬೈಗುಳವೆಲ್ಲ ಮರೆತು, ಮಗಳ ಕೆನ್ನೆ ಮುಟ್ಟಲು ಕೈ ಚಾಚಿದಳು. ಶ್ರಾವ್ಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ನೀನು ಬಂದಿರೋದು ಪಪ್ಪಾಗೆ ಗೊತ್ತಾ?”

“ಪಪ್ಪ ಇಲ್ಲಿಗೆ ಎಷ್ಟು ದಿನದಿಂದ ಬರ್ತಿದ್ದಾರೆ?” ಎಂದಳು ಚಂಪಾ.

“ಶುರು ಸೇ ಬರ್ತಾರೆ, ಮದುವೆಯಾದ ತಿಂಗಳಿಂದ. ಮೊದಲು ವಾರಕ್ಕೊಂದ್ಸಲ, ಈಗ ಒಂದು ತಿಂಗಳಿಂದ ಡೈಲಿ. ಬೇಳೆ ಬೇಯೋ ಸ್ಮೆಲ್‌ಗೇ ನಂಗೆ ವಾಂತಿ ಆಗುತ್ತೆ, ಆದ್ರೆ ಸಾರು ಬಿಟ್ಟು ಬೇರೇನೂ ಹೊಟ್ಟೇಲಿ ನಿಲ್ಲಲ್ಲ. ಅದಕ್ಕೆ ಪಪ್ಪ ಕಟ್ಟು ತಂದುಕೊಡ್ತಾರೆ.”

“ಸಾರನ್ನೇ ತರಬಹುದಿತ್ತಲ್ಲ ಮಗಾ.”

“ತರ್ತೀನಿ ಅಂದ್ರು. ನಾನೇ ಬೇಡ ಅಂದೆ. ನಿನ್ನ ಪುಡಿ ಸ್ಮೆಲ್ ಬಂದ್ರೆ ನಂಗೆ ಅಳು ಬರುತ್ತೆ.”

ಚಂಪಾ ಒಳಗೆ ಬಂದು ಬಾಗಿಲು ಹಾಕಿದಳು. “ನಿನ್ನ ಹೆಸರೆತ್ತಬಾರ್ದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದು ಅವರೇ ಶ್ರಾವ್ಯಾ.”

“ಅಮ್ಮಾ, ಪ್ಲೀಸ್. ನಾನು ಮನೆಗೆ ಕಾಲಿಟ್ರೆ ವಿಷ ಕುಡೀತೀನಿ ಅಂದಿದ್ದು ನೀನು. ಅದನ್ನ ಹೇಳಿ ಪಪ್ಪ ಎಷ್ಟು ಅತ್ತಿದ್ದಾರೆ ಗೊತ್ತಾ, ಇದೇ ಸೋಫಾದ ಮೇಲೆ?”

“ನಾನಾ? ನಾನು ಯಾವಾಗ ಅಂದೆ?”

“ಎಷ್ಟು ಸಲ ಕಾಲ್ ಮಾಡಿದ್ದೀನಿ. ನಾನು ಅಮ್ಮಾ ಅಂದ ತಕ್ಷಣ ಕಟ್. ಅದನ್ನೂ ಪಪ್ಪಾನೇ ಮಾಡಿದ್ರಾ?”

ಕಟ್ ಮಾಡಿದ್ದು ಚಂಪಾಳದೇ ಬೆರಳು. ಈಗ ಅವಳಿಗೆ ಎಲ್ಲವೂ ಅರ್ಥವಾಯಿತು. ಹೆಂಡತಿಯ ಮುಂದೆ ಅವನು ಮಾನಕ್ಕಾಗಿ ಮಗಳನ್ನೇ ಬಿಟ್ಟ ಖಡಕ್ ಯಜಮಾನ. ಮಗಳ ಮುಂದೆ ಕಲ್ಲೆದೆಯ ಹೆಂಡತಿಗೆ ಕದ್ದು ಬರುವ ಪಾಪದ ಅಪ್ಪ. ಎರಡು ಕಡೆಯೂ ಒಳ್ಳೆಯವನಾಗಿ ಉಳಿಯಲು ಅವನಿಗೆ ಒಬ್ಬಳು ಕೆಟ್ಟವಳು ಬೇಕಾಗಿತ್ತು. ಇಲ್ಲಿ ಬೇರೆ ಹೆಂಗಸೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವಳಿಗೆ. ಆಗ ಕೈಬಿಟ್ಟು ಹೋಗುತ್ತಿದ್ದವನು ಗಂಡ ಮಾತ್ರ, ಮಗಳಲ್ಲ.

ಬೆಲ್ ಸದ್ದಾಯಿತು. ಕ್ಯಾನು ಹಿಡಿದ ಜಯಾನಂದ ಒಳಗೆ ಬಂದವನು ಹೆಂಡತಿಯನ್ನು ಕಂಡು ಬಿಳಿಚಿಕೊಂಡ. ಒಂದು ಗಳಿಗೆ ಅಷ್ಟೇ. ಆಮೇಲೆ ಗಲ್ಲಾದ ಮೇಲೆ ಕೂತಾಗಿನ ನಗೆ ಮುಖಕ್ಕೆ ಬಂತು.

“ಬಂದ್ಯಾ ಚಂಪಾ? ನೋಡು ಮಗಾ, ನಾನು ಹೇಳಿರ್ಲಿಲ್ವಾ, ಇವತ್ತಲ್ಲ ನಾಳೆ ಅಮ್ಮನ ಮನಸ್ಸು ತಿರುಗಿಸ್ತೇನೆ ಅಂತ? ಮೂರು ವರ್ಷ ಬೇಕಾಯ್ತು, ಆದ್ರೂ ಆಯ್ತಲ್ಲ.”

ಶ್ರಾವ್ಯಾ ಅಪ್ಪನ ಹೆಗಲಿಗೆ ಮುಖ ಒತ್ತಿ ಅತ್ತಳು. “ಥ್ಯಾಂಕ್ಯೂ ಪಪ್ಪಾ,” ಎಂದಳು.

ಚಂಪಾಳ ಮೈಯೆಲ್ಲ ಉರಿದುಹೋಯಿತು. “ಸುಳ್ಳ!” ಎಂದಳು. ಮೂವತ್ತು ವರ್ಷದಲ್ಲಿ ಗಂಡನಿಗೆ ಎದುರಾಡಿ ಅಭ್ಯಾಸವಿಲ್ಲದ ಬಾಯಿ, ಮಾತು ಕಿರುಚಾಟವಾಗಿಯೇ ಬಂತು. “ನನ್ನ ಕೈ ಕಟ್ಟಿ ಹಾಕಿ, ನೀನು ದಿನಾ ಬಂದು ಮಗಳ ಮುಖ ನೋಡಿ ಹೋದೆ. ನನಗೆ ಸತ್ತಳು ಅಂದೆ, ಇವಳಿಗೆ ನಾನೇ ಪಾಪಿ ಅಂದೆ. ಎಂಥಾ ಮನುಷ್ಯ ನೀನು? ನಾನು ಇಲ್ಲಿಗೆ ಬಂದದ್ದು ನಿನ್ನ ಬೆನ್ನು ಹಿಡಿದು!”

ಶ್ರಾವ್ಯಾ ತಲೆಯೆತ್ತಿದಳು. ಅಮ್ಮ ಇಷ್ಟು ಜೋರಾಗಿ ಕಿರುಚಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ವಿಷ ಕುಡಿಯುತ್ತೇನೆ ಎಂದ ಅಮ್ಮ ಹೀಗೇ ಇದ್ದಿರಬೇಕು ಎಂದುಕೊಂಡದ್ದು ಅವಳ ಮುಖದಲ್ಲೇ ಕಾಣುತ್ತಿತ್ತು.

“ಬಸ್ ಕರೋ ಅಮ್ಮಾ, ಸಾಕು. ಇವತ್ತಾದ್ರೂ ಎಲ್ಲಾ ಪಪ್ಪನ ಮೇಲೆ ಹಾಕ್ಬೇಡ.”

“ಬೇಡ ಮಗಾ,” ಎಂದು ಜಯಾನಂದ ಮಗಳ ತಲೆ ಸವರಿದ. “ಹೆತ್ತ ತಾಯಿಗೆ ಹಾಗೆಲ್ಲ ಅನ್ಬಾರ್ದು. ಅವಳಿಗೂ ನೋವಿದೆ. ನಾನು ಬೇಜಾರು ಮಾಡ್ಕೊಂಡಿಲ್ಲ. ಹೋಗು, ನೀರು ತಂದುಕೊಡು.”

ಅಪ್ಪ ಹೇಳಿದನೆಂದು ಶ್ರಾವ್ಯಾ ಒಳಗೆ ಹೋಗಿ, ಅಪರೂಪಕ್ಕೆ ಬಂದವರಿಗೆ ಕೊಡುವ ಹಾಗೆ ತಟ್ಟೆಯ ಮೇಲೆ ಲೋಟವಿಟ್ಟು ತಂದಳು. ಚಂಪಾ ಮಗಳ ಮುಖ ನೋಡಿದಳು. ಮಗಳು ತಟ್ಟೆಯನ್ನು ನೋಡುತ್ತಿದ್ದಳು. ಬೇರೇನು ಮಾಡಬೇಕೆಂದು ತಿಳಿಯದೆ ಚಂಪಾ ನೀರು ಕುಡಿದಳು.