ಪಕ್ಕದಲ್ಲಿ ಬರೆಯದೆ ಉಳಿದದ್ದು

ಅವಳ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಯಕೃತ್ತು ಒಂದು ಔಷಧವನ್ನು ಎಷ್ಟು ಬೇಗ ಕರಗಿಸುತ್ತದೆಂದು ಹೇಳುವ ಅವನ ಗಣಿತದ ಮಾದರಿ ಯಾರ ಕೈಗೂ ಬಗ್ಗುತ್ತಿರಲಿಲ್ಲ. ಇವತ್ತು ಸಂಜೆಯೊಳಗೆ ಅದು ಕಂಪ್ಯೂಟರಿನಲ್ಲಿ ಸರಿಯಾಗಿ ಓಡಿದರೆ ಎಲ್ಲರೂ ಬಳಸುವ ಸಂಗ್ರಹಕ್ಕೆ ಸೇರುತ್ತದೆ, ಇಲ್ಲವಾದರೆ ಅದನ್ನು ಕೈಬಿಡುತ್ತೇವೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಹೇಳಿದ್ದರು.

ಬೆಳಗಿನಿಂದ ಅವಳು ಕುರ್ಚಿಗೂ ಕಿಟಕಿಗೂ ಓಡಾಡುತ್ತಲೇ ಇದ್ದಳು. ಮಾದರಿಯಲ್ಲಿ ವೇಗ ಹೇಳುವ ಹದಿಮೂರು ಸಂಖ್ಯೆಗಳಿದ್ದವು; ಹನ್ನೆರಡರ ಪಕ್ಕ ‘ಗಂಟೆಗೆ’ ಎಂದಿತ್ತು. ಹದಿಮೂರನೆಯದರ ಪಕ್ಕ ಏನೂ ಇರಲಿಲ್ಲ. ಅದೂ ಗಂಟೆಗೇ ಇರಬೇಕೆಂದು ಹಿಡಿದಿದ್ದಳು. ಪರದೆಯ ಗೆರೆ ಮಾತ್ರ ಅವನು ತನ್ನ ಪ್ರಬಂಧದಲ್ಲಿ ಅಚ್ಚು ಹಾಕಿಸಿದ್ದ ಅಳತೆಯ ಚುಕ್ಕೆಗಳ ಹತ್ತಿರವೂ ಸುಳಿಯಲಿಲ್ಲ.

ಅಷ್ಟರಲ್ಲಿ ಅತ್ತೆಯ ಫೋನ್ ಬಂತು.

“ಊಟ ಆಯ್ತೇನಮ್ಮ?”

“ಇನ್ನೊಂದು ಗಂಟೆ ಬಿಟ್ಟು ಮಾಡ್ತೀನಿ, ಅತ್ತೆ.”

“ನಿನ್ನ ಗಂಟೆ ಸಾಯಂಕಾಲಕ್ಕೆ ಮುಗಿಯುತ್ತೆ. ನನ್ನ ಮಗ ಅರವತ್ತು ನಿಮಿಷ ಅಂದ್ರೆ ಅಷ್ಟೊತ್ತಿಗೆ ತಟ್ಟೆ ಮುಂದೆ ಇರ್ತಿದ್ದ. ಗಂಟೆ ಅನ್ನೋ ಮಾತೇ ಅವನ ಬಾಯಲ್ಲಿ ಬರ್ತಿರ್ಲಿಲ್ಲ.”

ಅವಳ ಕೈ ನಿಂತಿತು. ಹನ್ನೆರಡು ಸಂಖ್ಯೆಗಳನ್ನು ಅವನು ಬೇರೆಯವರ ಪ್ರಬಂಧಗಳಿಂದ ತೆಗೆದುಕೊಂಡಿದ್ದ. ಇದೊಂದನ್ನು ಮಾತ್ರ ತಾನೇ ಅಳೆದಿದ್ದ. ಫೋನ್ ಕಿವಿಯಲ್ಲಿರುವಾಗಲೇ ಅದನ್ನು ನಿಮಿಷಕ್ಕೆ ಎಂದು ಹಿಡಿದು ಮತ್ತೆ ಓಡಿಸಿದಳು. ಗೆರೆ ಚುಕ್ಕೆಗಳ ಮೇಲೆ ಹೋಗಿ ಕೂತಿತು.

“ಕೇಳಿಸ್ತಾ ಇದೆಯೇನಮ್ಮ?”

“ಕೇಳಿಸ್ಕೊಳ್ತಿದ್ದೀನಿ ಅತ್ತೆ. ಇನ್ನೂ ಹೇಳಿ.”

ಸಂಖ್ಯೆಯ ಪಕ್ಕ ಅವಳು ‘ನಿಮಿಷಕ್ಕೆ’ ಎಂದು ಬರೆದಳು. ಇನ್ನು ಅದನ್ನು ಬಳಸುವ ಯಾರೂ ಅವನ ತಾಯಿಯನ್ನು ಕೇಳಬೇಕಾಗಿರಲಿಲ್ಲ. ಮುಖ್ಯಸ್ಥೆಗೆ ಕಡತ ಕಳಿಸಿದ ಮೇಲೂ ಕೂರಲಾಗದೆ ಅವಳು ಕಿಟಕಿಯವರೆಗೆ ಹೋಗಿ ಬಂದಳು.