ಸರ್ವರಿ ಆಪಾ ಮತ್ತು ಹತ್ತನೆಯ ಆಲ್ಬಮ್

ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೊರಳುವ ರಸ್ತೆಯಲ್ಲಿ ಸರ್ವರಿ ಆಪಾ ಅವರ, ಅಂದರೆ ಊರಿನವರೆಲ್ಲರ ಸರ್ವರಿ ಅಕ್ಕನ, ಚಪ್ಪಲಿ ಅಂಗಡಿಯಿದೆ. ಅಲ್ಲಿಗೆ ಹೋದ ಗಿರಾಕಿ ತನ್ನ ಪಾದದ ಅಳತೆಯನ್ನು ನಿವೇದಿಸಿಕೊಳ್ಳುವ ಮುನ್ನ ಹಾಡು ಮುಗಿಯುವವರೆಗೆ ಕಾಯಬೇಕೆಂಬುದು ಆ ಅಂಗಡಿಯ ಅಲಿಖಿತ ಕಾಯಿದೆ. ಮಂಠಾಳದಿಂದ ಸಂತೆಗೆ ಬಂದ ರೈತನಿರಲಿ, ಮದುವೆಗೆ ಹೊರಟು ದಾರಿಯಲ್ಲಿ ಚಪ್ಪಲಿ ಕಿತ್ತುಹೋಗಿ ಅದನ್ನು ಕೈಯಲ್ಲಿ ಹಿಡಿದು ಬಂದ ಸಾಹುಕಾರನಿರಲಿ, ಆಪಾ ಬಲಗೈಯನ್ನು ಟ್ರಾಫಿಕ್ ಪೊಲೀಸರ ಹಾಗೆ ಎತ್ತಿ ಹಿಡಿದು ನಿಲ್ಲಿಸುತ್ತಾರೆ. "ಗಿಟಾರ್ ಮುಗೀಲಿ, ಆಮ್ಯಾಲ ನಂಬರ್ ಹೇಳ್ರಿ" ಎನ್ನುತ್ತಾರೆ. ಕಾಯಲಾರದವರು ಎದುರಿನ ಅಂಗಡಿಗೆ ಹೋಗುತ್ತಾರೆ. ಅದರ ಬಗ್ಗೆ ಆಪಾಗೆ ಎಳ್ಳಷ್ಟೂ ಬೇಸರವಿಲ್ಲ. ಕಾದವರಿಗೆ ಮಾತ್ರ ಒಳ್ಳೆಯ ಚಪ್ಪಲಿ ಸಿಗುತ್ತದೆ ಎಂಬುದನ್ನು ಊರು ಒಪ್ಪಿಕೊಂಡು ಬಹಳ ಕಾಲವಾಯಿತು.

ಅವರ ಅಂಗಡಿಯಲ್ಲಿ ಮೊಳಗುವುದು ಕವ್ವಾಲಿಯೂ ಅಲ್ಲ, ಸಿನಿಮಾ ಗೀತೆಯೂ ಅಲ್ಲ. ವಿದೇಶದ ಉದ್ದಗೂದಲಿನ ಗಂಡಸರು ಗಂಟಲು ಹರಿಯುವಂತೆ ಹಾಡಿದ ರಾಕ್ ಸಂಗೀತ. ಐವತ್ತು ದಾಟಿದ ಈ ಹೆಂಗಸು ಸಲ್ವಾರಿನ ಮೇಲೆ ಬೂದುಬಣ್ಣದ ಒಂದು ದಪ್ಪ ಕ್ಯಾನ್ವಾಸ್ ಕೋಟು ತೊಡುತ್ತಾರೆ. ಅಣ್ಣ ಅಬ್ದುಲ್ ಕರೀಂ ಸೌದಿಯ ಜೆಡ್ಡಾದಲ್ಲಿ ದುಡಿಯುತ್ತಿದ್ದಾಗ ತಂದ ಆ ಕೋಟಿಗೆ ಅಸಂಖ್ಯ ಜೇಬುಗಳು. ಒಂದರಲ್ಲಿ ಪಾದ ಅಳೆಯುವ ಟೇಪು, ಇನ್ನೊಂದರಲ್ಲಿ ಸಡಿಲಾದ ಕ್ಯಾಸೆಟ್ಟಿನ ರೀಲು ಸುತ್ತಲು ಒಂದು ಗಿಡ್ಡ ಪೆನ್ಸಿಲು. ವೈಶಾಖದ ಬಿಸಿಲಿಗೆ ಡಾಂಬರು ಕರಗುತ್ತಿರುವಾಗಲೂ ಅವರು ಆ ಕೋಟನ್ನು ಬಿಚ್ಚಿದ್ದನ್ನು ನಾನು ಕಂಡಿಲ್ಲ. ನಡಿಗೆಯೋ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಒತ್ತಿ ನಡೆಯುವ ನಡಿಗೆ. ಕಾಲಲ್ಲಿರುವ ಗಂಡಸರ ಜೀರುಚಪ್ಪಲಿ ಕರ್ರೆನ್ನುತ್ತ ಅವರಿಗಿಂತ ಮೊದಲೇ ಬಂದು ಮುಟ್ಟುತ್ತದೆ. ಎದುರಿನವರು ಎಷ್ಟೇ ಪ್ರಚಂಡ ವಾದ ಹೂಡಲಿ, ಪೂರ್ತಿ ಕೇಳಿಸಿಕೊಂಡು, ಕನ್ನಡಕವನ್ನು ಮೂಗಿನ ಮೇಲೆ ಸರಿಸಿ, "ಆಮ್ಯಾಲ?" ಎಂದು ಒಂದೇ ಮಾತು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಹುಮನಾಬಾದಿನ ಹೆಸರಾಂತ ವಕೀಲರೊಬ್ಬರು ಅನೇಕ ಸಲ ತಬ್ಬಿಬ್ಬಾದದ್ದಕ್ಕೆ ನಾನೇ ಸಾಕ್ಷಿ.

ಆ ವಕೀಲರ ಹೆಸರು ಅಂಬರೀಷ. ಹುಮನಾಬಾದಿನ ಅವರ ಮಹಡಿಯ ಕೋಣೆಯಲ್ಲಿ, ಆಳೆತ್ತರದ ಎರಡು ಸ್ಪೀಕರುಗಳ ಎದುರು, ತಿಂಗಳಿಗೆರಡು ಭಾನುವಾರ ನಮ್ಮ ಬಳಗ ಸೇರುತ್ತಿತ್ತು. ಬಳಗವೆಂದರೆ ಐವರು: ಅಂಬರೀಷ, ಅದೇ ಊರಿನಲ್ಲಿ ಖಾಸಗಿ ಶಾಲೆಯೊಂದನ್ನು ನಡೆಸುವ ಉಜ್ವಲಾ, ಹಿಂದೊಮ್ಮೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ ಬಸವಕಲ್ಯಾಣದ ನಸೀರ್, ಸರ್ವರಿ ಆಪಾ, ಮತ್ತು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು. ರಾಕ್ ಸಂಗೀತದ ತಲೆಬುಡ ನನಗೆ ತಿಳಿಯದು. ಹಳಗನ್ನಡದ ವಿದ್ವಾಂಸರ ಜಗಳಗಳನ್ನು ಓದಿ ಬೆಳೆದ ನನಗೆ ಇಂಥ ಜಗಳ ಇನ್ನೆಲ್ಲೂ ಸಿಗದೆಂದು ಹೋಗುತ್ತಿದ್ದೆ. ಯಾವ ಆಲ್ಬಮ್ ಕೇಳದಿದ್ದರೆ ಜನ್ಮ ವ್ಯರ್ಥ, ಯಾವುದನ್ನು ಕೇಳಿದರೆ ಕಿವಿ ವ್ಯರ್ಥ ಎಂಬುದರ ಮೇಲೆ ಅಲ್ಲಿ ನಡೆಯುತ್ತಿದ್ದ ಕದನಗಳ ಮುಂದೆ ಜಿಲ್ಲಾ ಪಂಚಾಯಿತಿ ಚುನಾವಣೆ ಸಪ್ಪೆ. ಒಮ್ಮೆ ಅಂಬರೀಷರು ಒಂದು ತಂಡದ ಜನಪ್ರಿಯ ಹಾಡುಗಳನ್ನಷ್ಟೇ ಆಯ್ದು ಕೂಡಿಸಿದ ಸಂಕಲನವನ್ನು ಶ್ರೇಷ್ಠವೆಂದು ಮುಂದಿಟ್ಟರು. ಆಪಾ ಅದರ ಹೊದಿಕೆಯನ್ನು ತಿರುಗಿಸಿ ನೋಡಿ ಹೇಳಿದರು: "ಇದು ಜೋಡು ಅಲ್ರಿ ವಕೀಲಸಾಬ್. ಎಲ್ಲಾ ಎಡಗಾಲಿಂದೇ ಆರಿಸ್ಕೊಂಡು ಬಂದೀರಿ." ಸಂಕಲನ ಅಂದೇ ಕಪಾಟು ಸೇರಿತು.

ಕಳೆದ ವರ್ಷ ಉಜ್ವಲಾ ತಮ್ಮ ಶಾಲೆಯ ಸಭಾಭವನವನ್ನು ಭಾನುವಾರದ ಸಂಜೆಗಳಿಗೆ ಬಿಟ್ಟುಕೊಟ್ಟರು. ಊರಿನ ಯಾರು ಬೇಕಾದರೂ ಬಂದು ಕೇಳಲಿ, ಕೇಳಲೇಬೇಕಾದ ಹತ್ತು ಆಲ್ಬಮ್‌ಗಳನ್ನು ಭಾನುವಾರಕ್ಕೊಂದರಂತೆ ನಾವು ಆರಿಸೋಣ ಎಂಬುದು ಅವರ ಸಂಕಲ್ಪ. ಒಂಬತ್ತು ಹೇಗೋ ಗುದ್ದಾಡಿ ನಿರ್ಣಯವಾದವು. ಹತ್ತನೆಯದಕ್ಕೆ ಆಪಾ ಕೋಟಿನ ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ಹೊದಿಕೆಯಿಲ್ಲ, ಹೆಸರಿಲ್ಲ. ಬಸವಕಲ್ಯಾಣದಲ್ಲಿ ಅದನ್ನು ಬಲ್ಲ ಹತ್ತಾರು ಜನ ಅದನ್ನು ಕರೆಯುವುದು 'ಕರೀಂ ಕಾಪಿ' ಎಂದು.

ಅದರ ಚರಿತ್ರೆ ಇಷ್ಟು. ಮೂವತ್ತು ವರ್ಷಗಳ ಹಿಂದೆ ಅಬ್ದುಲ್ ಕರೀಂ ಜೆಡ್ಡಾದ ಕೋಣೆಯೊಂದರಲ್ಲಿ ಫಿಲಿಪ್ಪೀನ್ಸಿನ ಒಬ್ಬ ಜೊತೆಗಾರನೊಂದಿಗೆ ಇದ್ದರು. ಹಾಡಿನ ಹುಚ್ಚಿದ್ದ ತಂಗಿಗೆ ಏನಾದರೂ ಒಯ್ಯಬೇಕೆಂದು, ಅವನ ಸ್ಪೀಕರಿನ ಮುಂದೆ ತಮ್ಮ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದರು. ಮೂರನೆಯ ಹಾಡಿನ ನಡುವೆ ಯಾರೋ ಎರಡು ಸಲ ಕೆಮ್ಮಿದ್ದೂ ಅದರಲ್ಲಿ ಸೇರಿತು. ಕೊನೆಯ ಹಾಡಿನಲ್ಲಿ ಗಾಯಕ "ಇಲ್ಲ, ಇಲ್ಲ" ಎಂದು ಚೀರುತ್ತಿರುವಾಗಲೇ ರೀಲು ಮುಗಿಯಿತು. ಬಸವಕಲ್ಯಾಣದ ಎಲ್ಲ ಪ್ರತಿಗಳೂ ಇದರಿಂದಲೇ ಹುಟ್ಟಿದವು. ಹೀಗಾಗಿ ಕೆಮ್ಮು ಸಂಗೀತದ ಭಾಗವೆಂದೇ ಅಲ್ಲಿನವರು ನಂಬಿದರು. ನಸೀರ್ ಒಮ್ಮೆ ಆ ಹಾಡನ್ನು ಕಾಲೇಜಿನ ಸಮಾರಂಭದಲ್ಲಿ ನುಡಿಸಿ, ತಕ್ಕ ಜಾಗದಲ್ಲಿ ಮೈಕಿಗೆ ಬಾಯಿಟ್ಟು ಎರಡು ಸಲ ಕೆಮ್ಮಿ, ಭರ್ಜರಿ ಚಪ್ಪಾಳೆ ಗಿಟ್ಟಿಸಿದ್ದುಂಟು. ಆ ಚೀತ್ಕಾರದ ನಡುವೆ ಕತ್ತರಿಸಿದಂತೆ ನಿಲ್ಲುವುದೇ ಆ ಆಲ್ಬಮ್ಮಿನ ಪರಮ ಸೌಂದರ್ಯವೆಂದು ಆಪಾ ನನಗೆ ಅದೆಷ್ಟು ಸಲ ವಿವರಿಸಿದ್ದರೋ!

ಅಂಬರೀಷರು ಅನಾಮಧೇಯರನ್ನು ಒಪ್ಪುವವರಲ್ಲ. ಹಾಡು ಗುರುತಿಸುವ ತಮ್ಮ ಮೊಬೈಲಿನ ಆ್ಯಪಿಗೆ ಆ ಕ್ಯಾಸೆಟ್ಟು ಕೇಳಿಸಿ, ಅದು ಇಂಗ್ಲೆಂಡಿನ ಒಂದು ಗಿರಣಿ ಊರಿನ ನಾಲ್ವರು ಹುಡುಗರದೆಂದು ಪತ್ತೆ ಮಾಡಿ, ಹೈದರಾಬಾದಿನ ಹಳೆಯ ಸಾಮಾನಿನ ವ್ಯಾಪಾರಿಯಿಂದ ಮೂಲ ರೆಕಾರ್ಡನ್ನೇ ತರಿಸಿಬಿಟ್ಟರು. ಆ ಭಾನುವಾರ ಅವರ ಮುಖದಲ್ಲಿ ಖಟ್ಲೆ ಗೆದ್ದ ಕಳೆಯಿತ್ತು. ರೆಕಾರ್ಡು ತಿರುಗಿತು. ಮೂರನೆಯ ಹಾಡು ಕೆಮ್ಮಿಲ್ಲದೆ ಸಾಗಿಹೋಯಿತು. ನಸೀರ್ ತಲೆ ತಗ್ಗಿಸಿ ಉಗುರು ನೋಡಿಕೊಂಡ. ಕೊನೆಯ ಹಾಡಿನ ಚೀತ್ಕಾರ ಬಂತು, ನಿಲ್ಲಲಿಲ್ಲ. ಅದು ನಿಧಾನವಾಗಿ ಇಳಿಯಿತು, ಪಿಯಾನೋ ಸೇರಿತು, ಮಕ್ಕಳ ಮೇಳವೊಂದು ಮೆಲ್ಲಗೆ ದನಿಗೂಡಿಸಿತು. ತಾಳಿಕೋ, ತಾಳಿಕೋ, ಎಲ್ಲ ಸರಿಹೋಗುತ್ತದೆ ಎಂಬ ಅರ್ಥದ ಸಾಲನ್ನು ಗಾಯಕನೂ ಮಕ್ಕಳೂ ನಾಲ್ಕು ನಿಮಿಷ ಹಾಡಿ ಮೌನವಾದರು. ಉಜ್ವಲಾ ಕಣ್ಣೊರೆಸಿಕೊಂಡರು. ನನಗೂ ಅದು ಹಿತವಾಗಿತ್ತೆಂದು ಒಪ್ಪಿಕೊಳ್ಳಬೇಕು.

"ನೋಡಿದ್ರೇನ್ರಿ ಆಪಾ? ಮೂವತ್ತ್ ವರ್ಷ ನೀವು ತಪ್ಪು ಕೇಳಾಕತ್ತಿದ್ರಿ" ಎಂದರು ಅಂಬರೀಷರು, ಪ್ರೀತಿಯಿಂದಲೇ.

ಆಪಾ ಎಂದಿನಂತೆ "ಆಮ್ಯಾಲ?" ಎನ್ನಲಿಲ್ಲ. ಕ್ಯಾಸೆಟ್ಟನ್ನು ಎತ್ತಿ ಜೇಬಿಗಿಟ್ಟುಕೊಂಡು, "ಹತ್ತನೇದು ಹಚ್ಚೂದಾದ್ರ ನಂದು ಹಚ್ರಿ. ಇದು ಬ್ಯಾರೆ" ಎಂದರು. ಮತಕ್ಕೆ ಹಾಕಲಾಯಿತು. ಆಲ್ಬಮ್ ಇರಲಿ, ಆದರೆ ಸಭೆಯಲ್ಲಿ ಕೇಳಿಸುವುದು ಶುದ್ಧವಾದ ಮೂಲ ರೆಕಾರ್ಡನ್ನೇ ಎಂದು ಮೂವರು ಕೈಯೆತ್ತಿದರು. ಅದರಲ್ಲಿ ನಸೀರನ ಕೈಯೂ ಇತ್ತು. ಆಪಾ ಪರವಾಗಿ ಎದ್ದದ್ದು ಅವರದೇ ಕೈ ಮತ್ತು ಈ ಬಡ ಕನ್ನಡ ಮಾಸ್ತರನದು. ಅವರ ಜೀರುಚಪ್ಪಲಿಯ ಸದ್ದು ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆಗೆ ಹೋಯಿತು.

ಮರುವಾರ ನಾನು ಅಂಗಡಿಗೆ ಹೋದೆ. ಯಾವ ಹಾಡೂ ಇರಲಿಲ್ಲ. ಗಿರಾಕಿಗಳು ಬಂದ ಕೂಡಲೇ ನಂಬರ್ ಹೇಳುತ್ತಿದ್ದರು, ಆಪಾ ತೆಗೆದುಕೊಡುತ್ತಿದ್ದರು. ಅಂಗಡಿ ಸತ್ತಂತಿತ್ತು. ಒಂದು ಮೂಲೆಯಲ್ಲಿ ಉರ್ದು ಪೇಪರು ಹಿಡಿದು ಕುಳಿತಿದ್ದ ಕರೀಂ ಭಾಯಿಯನ್ನು, ಆ ಕೆಮ್ಮು ಯಾರದೆಂದು ಕೇಳಿದೆ. "ನಂದೇ ಇರಬೇಕ್ರಿ. ಎ.ಸಿ. ಗಾಳಿ ಹಿಡೀತಿರಲಿಲ್ಲ ನಂಗ" ಎಂದು ಅವರು ಪುಟ ಮಗುಚಿದರು. ಅಣ್ಣನ ನೆನಪಿಗಾಗಿ ಆಪಾ ಇಷ್ಟು ಹಟ ಹಿಡಿದಿದ್ದಾರೆಂದು ಭಾವಿಸಿ ನಾನು ಏನೋ ಸಾಂತ್ವನದ ಮಾತು ಆರಂಭಿಸಿದೆ. ಆಪಾ ನನ್ನನ್ನು ಅಲ್ಲಿಗೇ ತಡೆದರು.

"ಅಣ್ಣ ಇಲ್ಲೇ ಕುಂತಾರ, ದಿನಾ ಕೆಮ್ಮತಾರ. ಅದಕ್ಕ ಕ್ಯಾಸೆಟ್ ಯಾಕ ಬೇಕು? ಕುಂದರ್ರಿ ಮಾಸ್ತರ್, ಹೇಳ್ತೇನಿ."

ಅವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಸ್ವಲ್ಪ, ಅವರ ಮಾತಿನಲ್ಲಿ ಸ್ವಲ್ಪ ಬರೆಯುತ್ತೇನೆ. ಅಪ್ಪ ಹಾಸಿಗೆ ಹಿಡಿದಾಗ, ಅಣ್ಣ ಪರದೇಶದಲ್ಲಿದ್ದಾಗ, ಇಪ್ಪತ್ತರ ಹರೆಯದ ಸರ್ವರಿ ಅಂಗಡಿಯ ಬಾಗಿಲು ತೆಗೆದು ಕುಳಿತರು. ಕಲಬುರ್ಗಿಯ ಕಡೆ ನಿಶ್ಚಯವಾಗಿದ್ದ ಗಂಡಿನವರು, ಪರಗಂಡಸರ ಕಾಲು ಮುಟ್ಟಿ ಅಳತೆ ತೆಗೆಯುವ ಹುಡುಗಿ ನಮಗೆ ಬೇಡ, ಅಂಗಡಿ ಮುಚ್ಚಿದರೆ ನೋಡೋಣ ಎಂದರು. ಸರ್ವರಿ ಮುಚ್ಚಲಿಲ್ಲ. ಸಂಬಂಧ ಮುರಿಯಿತು. ಅದೇ ತಿಂಗಳು ರಜೆಗೆ ಬಂದ ಅಣ್ಣ ಆ ಕ್ಯಾಸೆಟ್ಟು ತಂದುಕೊಟ್ಟರು.

"ಆ ವರ್ಷ ಮನಿಗೆ ಬಂದವರೆಲ್ಲಾ ಒಂದೇ ಮಾತು ತರ್ತಿದ್ರು. ಸಬರ್ ಮಾಡು ಬೇಟಿ, ತಾಳ್ಕೋ, ಸಬರ್ ಮಾಡು. ಅವ್ವನ ತಂಗಿ ಖಾಲಾ ಅಂದ್ರು, ಅಪ್ಪನ ತಂಗಿ ಫುಫು ಅಂದ್ರು, ಹಾಲು ಹಾಕವಾ ಸುದ್ದಾ ಅಂದ. ಕ್ಯಾಸೆಟ್ಟಿನ್ಯಾಗಿನ ಈ ಒಬ್ಬ ಮನಶ್ಯಾ ಅಷ್ಟೇ ಅನ್ಲಿಲ್ಲ. ಇಲ್ಲಾ ಅಂತ ಚೀರಿದ, ಚೀರಕೋತನೇ ಹ್ವಾದ. ಅವನ ಮ್ಯಾಲ ಭರೋಸಾ ಇಟ್ಟು ನಾ ಇಷ್ಟ್ ವರ್ಷ ದಿನಾ ಶಟರ್ ಎತ್ತೇನಿ. ಈಗ ವಕೀಲಸಾಬ್ ಬಂದು, ಇಂವನೂ ಕಡೀಕ ಸಬರ್ ಮಾಡು ಅಂದಿದ್ದ ನೋಡು ಅಂತ ತೋರಸಾಕತ್ತಾರ."

ನಾನು ಅಳುಕುತ್ತ ಕೇಳಿದೆ: "ಆದ್ರ ಆಪಾ, ಅಂವಾ ಹಾಡಿದ್ದು ಖರೇನೇ ಅಲ್ಲೇನ್ರಿ?"

"ಅವನಿಗೆ ಖರೆ ಇರಬಹುದು. ಅಂವಾ ಹಾಡಿದ್ದು ಅಂವಾ ಇಟ್ಕೊಳ್ಳಿ. ನನಗ ಮುಟ್ಟಿದ್ದು ಎಷ್ಟೋ ಅಷ್ಟು, ಅದು ನಂದು. ಅದಕ್ಕ ಯಾರೂ ಬಾಲ ಹಚ್ಚೂದು ಬ್ಯಾಡ."

ಹತ್ತನೆಯ ಭಾನುವಾರ ಸಭಾಭವನ ತುಂಬಿತ್ತು. ದುಬಲಗುಂಡಿಯಿಂದ ಬಸ್ಸಿನಲ್ಲಿ ಬಂದವರೂ ಇದ್ದರು. ಹಿಂದಿನ ಸಾಲುಗಳಲ್ಲಿ ಬಸವಕಲ್ಯಾಣದ ಹಳೆಯ ಕ್ಯಾಸೆಟ್ ಬಳಗ ಕುಳಿತಿತ್ತು, ಆಪಾ ಮಾತ್ರ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ನೆಟ್ಟಗೆ ಕುಳಿತಿದ್ದರು. ಅಂಬರೀಷರು ಮೂಲಪ್ರತಿಯ ಮಹತ್ವದ ಬಗ್ಗೆ ಸೊಗಸಾಗಿ ಮಾತಾಡಿ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರು. ಮೂರನೆಯ ಹಾಡಿನ ನಡುವೆ, ಆ ಪ್ರಸಿದ್ಧ ಜಾಗ ಬಂದಾಗ, ಹಿಂದಿನ ಸಾಲುಗಳು ಒಮ್ಮೆಲೇ ಎರಡು ಸಲ ಕೆಮ್ಮಿದವು. ಮತದ ದಿನ ತಲೆ ತಗ್ಗಿಸಿದ್ದ ನಸೀರ್ ಎಲ್ಲರಿಗಿಂತ ಜೋರಾಗಿ ಕೆಮ್ಮಿದ. ಅಂಬರೀಷರು ಹುಬ್ಬು ಗಂಟಿಕ್ಕಿ ತಿರುಗಿ ನೋಡಿದರು. ಸಭೆ ನಗೆಯಲ್ಲಿ ತುಳುಕಿತು.

ಕೊನೆಯ ಹಾಡು ಬಂತು. ಗಾಯಕ ಚೀರತೊಡಗಿದ. ಆಪಾ ಎದ್ದರು. ಯಾವ ಅವಸರವೂ ಇಲ್ಲದೆ ವೇದಿಕೆಯ ಮೆಟ್ಟಿಲು ಹತ್ತಿದರು, ತಮ್ಮ ಕ್ಯಾಸೆಟ್ಟು ಮುಗಿಯುವ ಗಳಿಗೆಗೆ ಸರಿಯಾಗಿ ಮುಳ್ಳನ್ನು ಎತ್ತಿಬಿಟ್ಟರು. ಆ ಚೀತ್ಕಾರ ನಡುವೆಯೇ ತುಂಡಾಗಿ ಭವನದಲ್ಲಿ ನಿಂತಿತು. ಪಿಯಾನೋ ಬರಲಿಲ್ಲ, ಮಕ್ಕಳೂ ಬರಲಿಲ್ಲ. ರಾಕ್ ಅರಿಯದ ನನಗೆ ಅಂದು ಮೊದಲ ಬಾರಿಗೆ ಮೈ ಜುಮ್ಮೆಂದಿತು.

"ಇನ್ನೂ ನಾಲ್ಕ್ ನಿಮಿಷ ಅದರಿ ಆಪಾ! ಜನಾ ಪೂರಾ ಕೇಳಬೇಕು" ಎಂದು ಅಂಬರೀಷರು ಎದ್ದು ಬಂದರು.

"ಮುಗೀತ್ರಿ."

"ನಾ ಮತ್ತ ಹಚ್ತೇನಿ."

"ಹಚ್ರಿ. ನೀವು ಎಷ್ಟ್ ಸಲ ಹಚ್ತೀರಿ ಹಚ್ರಿ. ಅಷ್ಟೂ ಸಲ ನಾ ಇಲ್ಲೇ ಎತ್ತತೇನಿ."

ಅಂಬರೀಷರು ಮುಳ್ಳನ್ನು ಹಿಡಿದು ರೆಕಾರ್ಡಿನ ಮೇಲಕ್ಕೆ ತಂದರು. ಕಾನೂನು, ಬಹುಮತ, ಮೂಲಪ್ರತಿ ಎಲ್ಲವೂ ಅವರ ಕಡೆಗಿದ್ದವು. ಆದರೂ ಅವರ ಕೈ ಇಳಿಯಲಿಲ್ಲ. ಆಪಾ ಪಕ್ಕದಲ್ಲೇ ನಿಂತಿದ್ದರು, ಜಗ್ಗದೆ. ಕಡೆಗೆ ಉಜ್ವಲಾ ಭವನದ ದೀಪಗಳನ್ನು ಹಾಕಿದರು, ಜನ ಎದ್ದರು. ಹೊರಗೆ ಹೋಗುತ್ತ ದುಬಲಗುಂಡಿಯ ಒಬ್ಬಾಕೆ ತನ್ನ ಜೊತೆಯವಳಿಗೆ "ಹೆಂಗ ನಿಂತಿತ್ತಲ್ಲಾ ಅಕಿ ದನಿ" ಎಂದದ್ದು ಕಿವಿಗೆ ಬಿತ್ತು. ಅದು ಯಾರ ದನಿಯ ಬಗ್ಗೆ ಆಡಿದ ಮಾತೆಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ನಾನು ಬದುಕಿನುದ್ದಕ್ಕೂ ಹಳೆಯ ಹಸ್ತಪ್ರತಿಗಳ ಪಾಠಾಂತರಗಳ ಕೆಲಸ ಮಾಡಿದವನು. ಲಿಪಿಕಾರ ಎಲ್ಲಿ ತೂಕಡಿಸಿದ, ಎಲ್ಲಿ ಓಲೆಗರಿ ಮುರಿಯಿತು, ಎಲ್ಲಿ ಒಂದು ಸಾಲು ಬಿಟ್ಟುಹೋಯಿತು ಎಂದು ಗುರುತು ಹಾಕಿ, ಶುದ್ಧ ಪಾಠವನ್ನು ಮೇಲೆ ಕೂರಿಸಿ, ಉಳಿದುದನ್ನು ಅಡಿಟಿಪ್ಪಣಿಗೆ ತಳ್ಳುವುದು ನಮ್ಮ ಕುಲಕಸುಬು. ಆದರೆ ಆ ಮುರಿದ ಗರಿಯನ್ನೇ ಪೂರ್ಣವೆಂದು ಓದಿ, ಅದರ ಮೇಲೆ ಮನೆ ಕಟ್ಟಿ, ಅನ್ನ ದುಡಿದು, ಯಾರೆದುರಿಗೂ ಬಗ್ಗದೆ ಬಾಳಿದ ಜನ ಎಲ್ಲ ಕಾಲದಲ್ಲೂ ಇದ್ದಾರೆ. ದೂರದ ಊರುಗಳಿಂದ ಅರ್ಧವಷ್ಟೇ ತಲುಪುವ ನಮ್ಮಂಥ ಕಡೆಗಳಲ್ಲಂತೂ ಅವರೇ ಹೆಚ್ಚು. ಅಂಥವರ ಬಳಿಗೆ ನಾವು ಮೂಲಪ್ರತಿ ಹಿಡಿದು, ದಯೆ ತೋರುವ ಮುಖ ಹೊತ್ತು, ತಿದ್ದಲು ಹೋಗುತ್ತೇವೆ. ಪೂರ್ಣ ಪಾಠದ ಹೆಸರಿನಲ್ಲಿ ನಾವು ಅವರಿಗೆ ಮತ್ತೆ ಒಯ್ದು ಮುಟ್ಟಿಸುತ್ತಿರುವುದು ಖಾಲಾ, ಫುಫು, ಹಾಲಿನವ ಎಲ್ಲರೂ ಹೇಳಿ ಸೋತ ಅದೇ ಮಾತು, ತಾಳಿಕೋ ಎಂಬುದು. ಅವರು ಅಂದೇ ಆ ಮಾತು ಕೇಳಿ ತಾಳಿಕೊಂಡಿದ್ದರೆ, ತಿದ್ದಲೆಂದು ಹೋದ ನಮಗೆ ಅಲ್ಲಿ ಸಿಗುತ್ತಿದ್ದುದು ಮುಚ್ಚಿದ ಶಟರ್ ಒಂದೇ.